ಮೆಟ್ಟಿಲ ಪಕ್ಕದ ಸಾಲು

ಬಸ್ಸಿನಲ್ಲಿ ಒಬ್ಬರಾದ ಮೇಲೊಬ್ಬರು ಮೂಗು ಮುಚ್ಚಿಕೊಂಡಾಗ ಅಡುಗೆ ಮೇಸ್ತ್ರಿಗೆ ಮೊದಲು ಅನ್ನಿಸಿದ್ದು ತಾನೇ ನಾರುತ್ತಿದ್ದೇನೇನೋ ಎಂದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮುಖ ಕಿವುಚಿ ಕಿಟಕಿಯ ಗಾಜು ಎಳೆದಳು. ಎದುರಿಗೆ ಕಂಬಿ ಹಿಡಿದು ನಿಂತಿದ್ದ ಮುದುಕ ಅಂಗಿಯ ಕಾಲರನ್ನೇ ಮೂಗಿನ ತನಕ ಎತ್ತಿಕೊಂಡ. ಬೆಳಿಗ್ಗೆ ಸ್ನಾನ ಮಾಡಿದ್ದು ನಿಜ, ಅಂಗಿ ಒಗೆದದ್ದು ಎಂದು ಹೆಂಡತಿ ಹೇಳಿದ್ದೂ ನಿಜ. ಆದರೆ ಒಗೆದ ಅಂಗಿಗೂ ಒಗೆಯದ ಅಂಗಿಗೂ ವ್ಯತ್ಯಾಸ ತಿಳಿಯಲು ಈಗೀಗ ಅವನು ಕಾಲರಿನ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕಾಗಿತ್ತು. ಆಮೇಲೆ ಕಿಟಕಿಯಾಚೆ ಕಸದ ಲಾರಿಯೊಂದು ಬಸ್ಸಿಗೆ ಒತ್ತಿಕೊಂಡ ಹಾಗೆ ನಿಂತಿರುವುದು ಕಂಡಿತು. ಸದ್ಯ ಎಂದುಕೊಂಡು ಅವನೂ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಹುಬ್ಬನ್ನೂ ಒಂದಿಷ್ಟು ಗಂಟಿಕ್ಕಿದ. ಆ ಹೊತ್ತಿಗೆ ಲಾರಿ ತಿರುವಿನಲ್ಲಿ ಹೊರಟುಹೋಗಿತ್ತು. ಎಲ್ಲರೂ ಕೈ ಇಳಿಸಿ ಮಾತು ಶುರುಮಾಡಿದ್ದರು. ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಕೂತವನು ಅವನೊಬ್ಬನೇ. ಪಕ್ಕದ ಹೆಂಗಸು ಅವನನ್ನು ಒಮ್ಮೆ ನೋಡಿ, ತನ್ನ ಸೆರಗನ್ನು ಒಮ್ಮೆ ನೋಡಿಕೊಂಡು, ಸೀಟಿನ ಅಂಚಿಗೆ ಸರಿದು ಕೂತಳು. ಹಾಗಲ್ಲ ತಾಯಿ ಎಂದು ಹೇಳಬೇಕೆನಿಸಿತು. ಕರವಸ್ತ್ರ ಮಡಚಿ ಜೇಬಿಗೆ ಹಾಕಿಕೊಂಡ.

ಅವನು ಅಕ್ಕನ ಮನೆಗೆ ಹೊರಟಿದ್ದ. ಅಕ್ಕ ಫೋನು ಮಾಡಿ, ಟೊಮೆಟೊ ಹಣ್ಣು ಬಂದಿದೆ, ಭಾನುವಾರ ಬಂದು ತಿಂದು ಹೇಳು, ನೀನು ಹೇಳೋ ತನಕ ನಾನು ಏನೂ ಮಾಡಲ್ಲ ಎಂದಿದ್ದಳು. ಪ್ರತಿವರ್ಷ ಮೊದಲ ಹಣ್ಣಿಗೆ ಹೀಗೇ ಕರೆಯುತ್ತಿದ್ದಳು. ಆದರೆ ಈ ಸಲ ಅವಳ ದನಿಯಲ್ಲಿ ಏನೋ ತವಕವಿತ್ತು. ಫೋನಿಟ್ಟ ಮೇಲೂ ಅದು ಕಿವಿಯಲ್ಲಿ ಉಳಿದಿತ್ತು. ಚಳಿಗಾಲದಲ್ಲಿ ಜ್ವರ ಬಂದು ಬಿಟ್ಟಮೇಲೆ ತನ್ನ ಮೂಗು ಸತ್ತುಹೋಗಿದೆ ಎಂದು ಅವನು ಅಕ್ಕನಿಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟರೊಬ್ಬರ ಬಳಿ ಹೋಗಿ ಬಂದಿದ್ದ. ಅವರು ಟಾರ್ಚು ಹಾಕಿ ನೋಡಿ, ಬರಬಹುದು, ಬರದೇನೂ ಇರಬಹುದು ಎಂದರು. ತಮ್ಮ ಮಾತು ತಮಗೇ ಸಾಲದು ಅನ್ನಿಸಿತೋ ಏನೋ, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. ಕಾರ್ಖಾನೆ ಕ್ಯಾಂಟೀನಲ್ಲಿ ಅಡುಗೆ ಮೇಸ್ತ್ರಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಸ್ಟೋರ್ಸ್‌ನಲ್ಲಿದ್ದೀನಿ ಅಂದುಬಿಟ್ಟ. ಹಾಗಾದ್ರೆ ಅಷ್ಟೇನೂ ತೊಂದರೆ ಇಲ್ಲ ಎಂದು ಡಾಕ್ಟರು ನಕ್ಕರು. ಅವನೂ ನಕ್ಕ.

ವಿಚಿತ್ರವೆಂದರೆ ಅವನಿಗೆ ದುಃಖವಾಗಿರಲಿಲ್ಲ. ಆಗುತ್ತದೆ, ಇನ್ನೇನು ಆಗುತ್ತದೆ ಎಂದು ಕಾದು ನೋಡಿದ್ದ. ಉಪ್ಪು ತಿಳಿಯುತ್ತಿತ್ತು, ಹುಳಿ ತಿಳಿಯುತ್ತಿತ್ತು, ಖಾರ ನಾಲಿಗೆಯನ್ನು ಚುರ್ರೆನಿಸುತ್ತಿತ್ತು. ಅದರಿಂದಾಚೆಗೆ ಬಾಯಲ್ಲಿ ಇರುತ್ತಿದ್ದದ್ದು ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ, ಇಷ್ಟೇ. ಬೆಳ್ಳುಳ್ಳಿ ಹುರಿಯುವಾಗ ಅದು ಕೆಂಪಾಗುವುದನ್ನು ಕಣ್ಣಲ್ಲಿ ನೋಡಿ ಇಳಿಸುತ್ತಿದ್ದ. ಈರುಳ್ಳಿಯ ಸದ್ದು ಕೇಳಿ ಉರಿ ಸಣ್ಣ ಮಾಡುತ್ತಿದ್ದ. ಕೈ ತನ್ನ ಪಾಡಿಗೆ ಅಳತೆ ಹಾಕುತ್ತಿತ್ತು. ಕ್ಯಾಂಟೀನಿನಲ್ಲಿ ಊಟ ಕೆಟ್ಟಿದೆ ಎಂದು ಯಾರೂ ಹೇಳಲಿಲ್ಲ, ಮೊದಲಿನ ಹಾಗೆಯೇ ತಟ್ಟೆ ಬಳಿದು ತಿಂದು ಹೋದರು. ಅದು ಅವನಿಗೆ ಸಮಾಧಾನ ತರಬೇಕಿತ್ತು. ಬದಲಿಗೆ, ಇಷ್ಟು ವರ್ಷ ತಾನು ಮೂಗಿಟ್ಟು ಮಾಡುತ್ತಿದ್ದದ್ದೆಲ್ಲ ಯಾರ ಲೆಕ್ಕಕ್ಕೂ ಬಂದಿರಲಿಲ್ಲವೇ ಎನ್ನುವ ಒಂದು ಸಣ್ಣ ಹುಳ ತಲೆಯೊಳಗೆ ಹೊಕ್ಕಿತು. ಒಂದು ದಿನ ಮಾತ್ರ ತರಕಾರಿ ಹೆಚ್ಚುವ ಹೆಂಗಸು ಬೇಳೆಯ ದೊಡ್ಡ ಪಾತ್ರೆಯ ಬಳಿ ನಿಂತು, ಮೇಸ್ತ್ರಿಗಳೇ, ಇದು ನಿನ್ನೇದಲ್ವಾ, ಒಂಚೂರು ನೋಡ್ತೀರಾ ಎಂದಿದ್ದಳು. ಅವನು ಸೌಟಿನಲ್ಲಿ ಎತ್ತಿ, ಎಲ್ಲರೆದುರು ಬಾಯಿಗೆ ಹಾಕಿಕೊಂಡು, ಕಣ್ಣುಮುಚ್ಚಿ, ಚೆನ್ನಾಗಿದೆ, ಬಿಸಿ ಮಾಡಿ ಎಂದಿದ್ದ. ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಅವನು ಸ್ಟೋರಿನಿಂದ ತಿರುಗಿ ಬರುವಷ್ಟರಲ್ಲಿ ಪಾತ್ರೆ ತೊಳೆದು ಬೋರಲು ಹಾಕಿತ್ತು, ಒಲೆಯ ಮೇಲೆ ಹೊಸ ಬೇಳೆ ಕುದಿಯುತ್ತಿತ್ತು. ಅವಳು ಬಗ್ಗಿ ಕ್ಯಾರೆಟ್ಟು ಹೆಚ್ಚುತ್ತಿದ್ದಳು, ಹೆಚ್ಚುವುದು ಮುಗಿದ ಮೇಲೂ ತಲೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಬಚ್ಚಲಿನ ಮೋರಿ ಕಟ್ಟಿ ನಾರುತ್ತಿದ್ದಾಗ ಹೆಂಡತಿ, ಮೂಗನ್ನೇನು ಎಲ್ಲಾದ್ರೂ ಅಡ ಇಟ್ಟು ಬಂದಿದ್ದೀರಾ ಎಂದು ಕೇಳಿದ್ದಳು. ಹೂಂ, ಬಿಡಿಸ್ಕೊಂಡು ಬರ್ತೀನಿ ಎಂದು ಅವನೂ ತಮಾಷೆಯಲ್ಲೇ ಹೇಳಿ ಕಡ್ಡಿ ಹಿಡಿದು ಮೋರಿಗೆ ಬಗ್ಗಿದ್ದ. ಬಗ್ಗಿದವನಿಗೆ ಮೋರಿಯೂ ಮೊಗ್ಗೂ ಒಂದೇ ಆಗಿತ್ತು.

ಅಕ್ಕ ಮೆಟ್ಟಿಲ ಮೇಲೇ ಕಾಯುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೂತು ಭಾರವಾದ ಮೈ, ಈಗ ಮಂಡಿ ಎರಡೂ ಹೋಗಿ, ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಾಳೆ. ಆದರೂ ದಿನಕ್ಕೆರಡು ಸಲ ಬಕೆಟ್ಟು ಹಿಡಿದು ತಾರಸಿ ಹತ್ತುತ್ತಾಳೆ. ಮದುವೆಯಾಗಲಿಲ್ಲ, ಅಮ್ಮನನ್ನು ಕೊನೆತನಕ ನೋಡಿಕೊಂಡವಳು ಅವಳೇ. ಬಾಡಿಗೆ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ಆದರೆ ಮೇಲಿನ ತಾರಸಿ ಪೂರ್ತಿ ಅವಳದು.

"ಇಷ್ಟೊತ್ತಾ ಬರೋದು? ಹಸಿದ ಹೊಟ್ಟೇಲೇ ಬಂದಿದ್ದೀಯ ತಾನೇ?"

"ಕಾಫಿ ಕುಡಿದೆ ಅಷ್ಟೇ."

"ಕಾಫಿ ಯಾಕೋ ಕುಡಿದೆ? ಹೋಗಿ ಬಾಯಿ ಮುಕ್ಕಳಿಸ್ಕೊಂಡು ಬಾ. ನಾಲಿಗೆ ಚೆನ್ನಾಗಿ ಉಜ್ಜು."

ಅವನು ಹೋಗಿ ಬಾಯಿ ಮುಕ್ಕಳಿಸಿದ. ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡ. ನನ್ನ ಮಗನ ನಾಲಿಗೆ ಅಂದ್ರೆ ತಕ್ಕಡಿ ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಿದ್ದಳು, ಅವನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ. ಅಕ್ಕ ಒಲೆಯ ಮುಂದೆ ಬೆವರುತ್ತ ಏನಾದರೂ ಮಾಡಿದರೆ, ತಡಿ, ಅವನು ನೋಡಿ ಹೇಳಲಿ ಎನ್ನುತ್ತಿದ್ದಳು ಅಮ್ಮ. ಅವನು ಆಟದಿಂದ ಓಡಿಬಂದು, ಕೈಯೂ ತೊಳೆಯದೆ, ಚಮಚ ನೆಕ್ಕಿ, ಹುಳಿ ಹೆಚ್ಚಾಯ್ತು ಎನ್ನುತ್ತಿದ್ದ. ಅಷ್ಟು ಹೇಳಿ ಮತ್ತೆ ಆಟಕ್ಕೆ ಓಡುತ್ತಿದ್ದ. ಅಕ್ಕ ಪಾತ್ರೆಯನ್ನು ಮತ್ತೆ ಒಲೆಗೆ ಏರಿಸುತ್ತಿದ್ದಳು. ಅವಳಾಗ ಶಾಲೆಯ ಕೊನೆಯ ತರಗತಿಯಲ್ಲಿದ್ದಳು, ಪುಸ್ತಕ ಒಲೆಯ ಪಕ್ಕದಲ್ಲೇ ತೆರೆದಿರುತ್ತಿತ್ತು. ಈ ಪುಸ್ತಕದ ಸಂಗತಿ ಅವನಿಗೆ ನೆನಪಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಈಗ ನಲ್ಲಿ ನಿಲ್ಲಿಸುವಾಗ ಎಣ್ಣೆಯ ಕಲೆಯಾದ ಪುಟದ ಸಮೇತ ಕಣ್ಣೆದುರು ಬಂದು, ಹಾಗೆಯೇ ಹೊರಟುಹೋಯಿತು.

ತಾರಸಿಯ ಮೇಲೆ ಎರಡು ಸಾಲು. ನೀರಿನ ತೊಟ್ಟಿಯ ಪಕ್ಕ ಒಂದು, ಮೆಟ್ಟಿಲ ಪಕ್ಕ ಒಂದು. ಪ್ಲಾಸ್ಟಿಕ್ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು ಮಣ್ಣು ತುಂಬಿ, ಆಳೆತ್ತರದ ಕೋಲು ನೆಟ್ಟು, ಗಿಡಗಳನ್ನು ಹಳೇ ಬಟ್ಟೆಯ ಪಟ್ಟಿಗಳಿಂದ ಕೋಲಿಗೆ ಕಟ್ಟಿದ್ದಳು. ಎಲೆ-ಕಾಂಡದ ಸಂದಿಯಲ್ಲಿ ಬರುವ ಕುಡಿಗಳನ್ನೆಲ್ಲ ಚಿವುಟಿ, ಒಂದು ಗೊಂಚಲಿಗೆ ಒಂದೋ ಎರಡೋ ಕಾಯಿ ಮಾತ್ರ ಬಿಟ್ಟಿದ್ದಳು. ಉಳಿದ ಕಾಯಿ ದೊಡ್ಡದಾಗಲಿ ಅಂತ. ಕೆಲವು ಹಣ್ಣು ಅಂಗೈಯಲ್ಲಿ ಹಿಡಿಯಲಾರದಷ್ಟು ಬೆಳೆದು, ತೊಟ್ಟು ಮುರಿದಾವು ಎಂದು ಅವುಗಳ ಕೆಳಗೆ ಬಟ್ಟೆಯ ಜೋಲಿ ಕಟ್ಟಿತ್ತು. ಅಮ್ಮನ ಕಾಲದಿಂದ ಮನೆಯಲ್ಲಿ ಈ ಟೊಮೆಟೊಗೆ ಮಡಿಕೆ ಹಣ್ಣು ಎಂದೇ ಹೆಸರು. ತೊಟ್ಟಿನ ಸುತ್ತ, ಹಣ್ಣಿನ ಹೆಗಲ ಮೇಲೆ, ಬಟ್ಟೆ ಮಡಿಕೆ ಬಿದ್ದ ಹಾಗೆ ಗೆರೆಗಳಿರುತ್ತಿದ್ದವು ಎಂದು. ಕೊಯ್ದರೆ ಒಳಗೆ ನೀರು ಕಡಿಮೆ, ಬೀಜ ಕಡಿಮೆ, ಬರೀ ತಿರುಳು. ಒಂದು ಹಣ್ಣಿನ ಒಂದು ಬಿಲ್ಲೆ ಹಾಕಿದರೆ ಬ್ರೆಡ್ಡು ಪೂರ್ತಿ ಮುಚ್ಚಿಹೋಗುತ್ತಿತ್ತು. ಅಮ್ಮ ಪ್ರತಿವರ್ಷ ಒಂದು ಒಳ್ಳೆಯ ಹಣ್ಣಿನ ಬೀಜವನ್ನು ನೀರಲ್ಲಿ ನೆನೆಹಾಕಿ, ಮೇಲೆ ಬೂಷ್ಟು ಕಟ್ಟಿದ ಮೇಲೆ ತೊಳೆದು, ತಟ್ಟೆಯಲ್ಲಿ ಒಣಗಿಸಿ ಇಡುತ್ತಿದ್ದಳು. ಅಮ್ಮ ಹೋದ ಮೇಲೆ ಅಕ್ಕ.

"ಅದೇ ಆಗಿರೋದು ನೋಡು," ಅಕ್ಕ ತೊಟ್ಟಿಯ ಕಟ್ಟೆಗೆ ಒರಗಿ ಉಸಿರು ಸುಧಾರಿಸಿಕೊಂಡಳು. "ಹೋದ ವರ್ಷ ಆಚೆ ತಾರಸಿ ಮೇಷ್ಟ್ರು ಅಂಗಡಿಯಿಂದ ಯಾವುದೋ ದಪ್ಪ ಜಾತಿ ಬೀಜ ತಂದು ಹಾಕಿದ್ರಲ್ಲ, ಜೇನುಹುಳ ಅಲ್ಲಿಂದ ಇಲ್ಲಿಗೆ ಓಡಾಡ್ತು. ನಾನು ಎರಡು ಹಣ್ಣಿನ ಬೀಜ ಎತ್ತಿಟ್ಟಿದ್ದೆ. ಒಂದರದ್ದು ಇಲ್ಲಿ ಹಾಕಿದೆ, ಒಂದರದ್ದು ಅಲ್ಲಿ. ಈಗ ಎರಡೂ ಸಾಲಿನ ಹಣ್ಣು ಬೇರೆ ಬೇರೆ ಆಗಿ ಕೂತಿವೆ."

"ಎರಡೂ ಚೆನ್ನಾಗೇ ಕಾಣ್ತಿವೆಯಲ್ಲ."

"ಚೆನ್ನಾಗಿರೋದು ಬೇರೆ, ಅಮ್ಮಂದಾಗಿರೋದು ಬೇರೆ. ಒಂದು ಕಲೆತು ಹೋಗಿದೆ ಕಣೋ. ಯಾವುದು ಅಂತ ನೀನು ಹೇಳು. ಕಲೆತಿರೋ ಸಾಲನ್ನ ಇವತ್ತೇ ಕಿತ್ತುಬಿಡ್ತೀನಿ. ಇಲ್ದಿದ್ರೆ ಈ ವರ್ಷ ಮತ್ತೆ ಕಲೆಯುತ್ತೆ."

"ಎರಡರ ಬೀಜಾನೂ ಇಟ್ಕೊಂಡ್ರೆ ಆಯ್ತಪ್ಪ."

"ಈ ಮಂಡಿ ಇಟ್ಕೊಂಡು ಎರಡು ಸಾಲಿಗೆ ನೀರು ಹೊರೋದು ಇದೇ ಕೊನೆ. ಒಂದನ್ನ ಸಾಕ್ತೀನಿ. ಅಮ್ಮಂದು ಯಾವುದೋ ಅದನ್ನ."

ಅವಳು ಎರಡು ಹಣ್ಣು ಕಿತ್ತು ಕೆಳಗೆ ತಂದಳು. ಕೆಳಗಿನ ಕೋಣೆಯ ಮೇಜಿನ ಮೇಲೆ ಹಲಗೆ, ಚಾಕು, ಉಪ್ಪಿನ ಬಟ್ಟಲು. ಚಾಕು ಮಸೆದಿಟ್ಟಿದ್ದಳು. ತೊಟ್ಟಿ ಪಕ್ಕದ ಹಣ್ಣಿನ ಹೆಗಲಲ್ಲಿ ಆಳವಾದ ಮಡಿಕೆಗಳಿದ್ದವು, ತೊಟ್ಟಿನ ಸುತ್ತ ಹಸಿರು, ಒಂದು ಕಡೆ ಹೊಲಿಗೆ ಹಾಕಿದಂಥ ಕಂದು ಗೆರೆ. ಮೆಟ್ಟಿಲ ಪಕ್ಕದ್ದು ಹೆಚ್ಚುಕಡಿಮೆ ನುಣುಪು. ಬಣ್ಣ ಮಾತ್ರ ಸ್ವಲ್ಪ ಗುಲಾಬಿಯ ಕಡೆಗೆ ತಿರುಗಿತ್ತು. ಅಕ್ಕ ಎರಡನ್ನೂ ಬಿಲ್ಲೆ ಮಾಡಿ ಬೇರೆ ಬೇರೆ ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಂಡು, ಎದುರಿನ ಕುರ್ಚಿಯಲ್ಲಿ ಕೂತಳು.

ಈಗ ಹೇಳಿಬಿಡಬಹುದಾಗಿತ್ತು. ಅಕ್ಕಾ, ನನ್ನ ಮೂಗು ಹೋಗಿದೆ, ನಂಗೇನೂ ಗೊತ್ತಾಗಲ್ಲ. ಇಷ್ಟು ಸಣ್ಣ ಮಾತು. ಬಸ್ಸಿನಲ್ಲೇ ಮನಸ್ಸಲ್ಲಿ ಆಡಿ ನೋಡಿಕೊಂಡಿದ್ದ. ಆದರೆ ಅಕ್ಕ ಮಸೆದ ಚಾಕು, ಮುಕ್ಕಳಿಸಿದ ಬಾಯಿ, ಅಮ್ಮನ ಕುರ್ಚಿಯಲ್ಲಿ ತನ್ನನ್ನು ಕೂರಿಸಿದ ರೀತಿ, ಇವೆಲ್ಲ ಸೇರಿ ಅವನನ್ನು ಎಲ್ಲಿಗೋ ತಂದು ನಿಲ್ಲಿಸಿಬಿಟ್ಟಿದ್ದವು. ಅಲ್ಲಿಂದ ಇಳಿಯಲು ಮೆಟ್ಟಿಲಿರಲಿಲ್ಲ. ಅಮ್ಮ ಮಲಗಿದ್ದ ಕೊನೆಯ ತಿಂಗಳುಗಳಲ್ಲೂ ಇದೇ ಕೋಣೆ. ಅಕ್ಕ ಹಣ್ಣು ಬೇಯಿಸಿ, ಸೋಸಿ, ಬಟ್ಟಲಲ್ಲಿ ಹಿಡಿದುಕೊಂಡು ಹಾಸಿಗೆಯ ಪಕ್ಕ ಕೂತಿರುತ್ತಿದ್ದಳು. ಅಮ್ಮ ಬಾಯಿ ತೆರೆಯುತ್ತಿರಲಿಲ್ಲ. ಅವನು ಬರಲಿ ಎನ್ನುತ್ತಿದ್ದಳು. ಇವನು ವಾರಕ್ಕೊಮ್ಮೆ ಬರುತ್ತಿದ್ದ, ಚಪ್ಪಲಿ ಬಿಡುತ್ತಲೇ ಒಂದು ಚಮಚ ಬಾಯಿಗೆ ಹಾಕಿ, ಇನ್ನೊಂದು ಹರಳು ಉಪ್ಪು ಬೇಕು ಎನ್ನುತ್ತಿದ್ದ. ಅಕ್ಕ ಎದ್ದುಹೋಗಿ ಒಂದು ಹರಳು ಹಾಕಿ ತರುತ್ತಿದ್ದಳು. ಆಗ ಅಮ್ಮ ತಿನ್ನುತ್ತಿದ್ದಳು. ಉಳಿದ ದಿನಗಳಲ್ಲಿ ಅಮ್ಮ ಹೇಗೆ ತಿನ್ನುತ್ತಿದ್ದಳು ಎಂದು ಅವನು ಕೇಳಿರಲಿಲ್ಲ.

ಮೊದಲ ಬಿಲ್ಲೆ ಬಾಯಿಗಿಟ್ಟ. ತಣ್ಣಗಿತ್ತು. ಹುಳಿ ಬಂತು, ಅದರ ಹಿಂದೆ ಸ್ವಲ್ಪ ಸಿಹಿ. ತಿರುಳು ಹಲ್ಲಿಗೆ ದಪ್ಪಗೆ ಸಿಕ್ಕಿತು, ಸಿಪ್ಪೆ ಅಂಗುಳಿಗೆ ಅಂಟಿತು. ಹಣ್ಣು ಇರಲಿಲ್ಲ. ಎಲ್ಲಿರಬೇಕಿತ್ತೋ ಅಲ್ಲಿ ಖಾಲಿಯಿತ್ತು, ಸಾಮಾನು ಸಾಗಿಸಿಬಿಟ್ಟ ಮನೆಯ ಹಾಗೆ. ಕಣ್ಣುಮುಚ್ಚಿ ನುಂಗಿದ. ನೀರು ಕುಡಿದು ಎರಡನೆಯದನ್ನು ಇಟ್ಟುಕೊಂಡ. ಹುಳಿ, ಸಿಹಿ, ತಣ್ಣಗೆ. ಸ್ವಲ್ಪ ಮೆತ್ತಗೆ. ನಾಲಿಗೆಯಲ್ಲಿ ಅದನ್ನು ಹೊರಳಿಸುತ್ತಾ ನೆನಪನ್ನು ಕೆರಳಿಸಲು ನೋಡಿದ. ಅಮ್ಮ ಬಾಣಲೆಯಲ್ಲಿ ಬೆಳ್ಳುಳ್ಳಿಯ ಜೊತೆ ಇದನ್ನು ಬಾಡಿಸುವಾಗ ಮನೆಯೆಲ್ಲ ತುಂಬುತ್ತಿದ್ದ ಆ ವಾಸನೆ. ಬಾಣಲೆ ಕಂಡಿತು, ಅಮ್ಮನ ಬಳೆಯ ಸದ್ದೂ ಕೇಳಿತು. ವಾಸನೆ ಮಾತ್ರ ನೆನಪಿನಿಂದಲೂ ಹೋಗಿತ್ತು. ಇದು ಅವನಿಗೆ ಗೊತ್ತಿರಲಿಲ್ಲ.

"ಏನು?" ಅಕ್ಕ ಮುಂದೆ ಬಾಗಿದಳು.

ಕಣ್ಣು ತೆರೆದಾಗ ಎದುರಿಗೆ ಕಂಡದ್ದು ತೊಟ್ಟಿ ಪಕ್ಕದ ಹಣ್ಣಿನ ಉಳಿದ ಅರ್ಧ, ಮಡಿಕೆ ಮಡಿಕೆಯಾಗಿ. ಹೆಸರೇ ಮಡಿಕೆ ಹಣ್ಣು ಅಲ್ಲವೇ. "ಇದು," ಎಂದು ಬೆರಳು ತೋರಿಸಿದ. "ತೊಟ್ಟಿ ಪಕ್ಕದ್ದು. ಇದು ಅಮ್ಮಂದು."

ಅಕ್ಕನ ಮುಖದ ಮೇಲೆ ಏನೋ ಒಂದು ಎದ್ದು, ಕೂತಿತು. ಮೆಟ್ಟಿಲ ಪಕ್ಕದ ಹಣ್ಣಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ಖಂಡಿತ ತಾನೇ?"

"ಹೂಂ."

"ನಂಗೆ ಆ ಇನ್ನೊಂದು ಅಂತ ಅನ್ನಿಸಿತ್ತು," ಎಂದಳು, ತನ್ನಷ್ಟಕ್ಕೆ ಎಂಬಂತೆ. "ಹೋದ ವಾರ ಮೊದಲನೇದು ಹಣ್ಣಾದಾಗ ಮೇಲೆ ನಿಂತ್ಕೊಂಡೇ ತಿಂದೆ. ಕಣ್ಣಲ್ಲಿ ನೀರು ಬಂದುಬಿಡ್ತು. ಇದೇ ಅಂದ್ಕೊಂಡೆ." ಆಮೇಲೆ ನಕ್ಕಳು. "ನನ್ನ ನಾಲಿಗೆಗೆ ಏನು ಗೊತ್ತು, ಬಿಡು. ಸದ್ಯ, ನಿನ್ನ ಕರೆಸಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಸರಿಯಾಗಿರೋದನ್ನೇ ಕಿತ್ತು ಬಿಸಾಕ್ತಿದ್ದೆ."

ಅವಳು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಅವನು ಹಿಂದೆಯೇ ಹತ್ತಿದ. ತನ್ನ ಕಾಲು ಹತ್ತುವುದನ್ನು ತಾನೇ ನೋಡುತ್ತಿದ್ದ. ನಿಲ್ಲು ಎಂದರೆ ಸಾಕಿತ್ತು. ಅವಳು ಮೊದಲು ಹಣ್ಣಾದವನ್ನೆಲ್ಲ ಬುಟ್ಟಿಗೆ ಬಿಡಿಸಿಕೊಂಡಳು. ಆಮೇಲೆ ಬಟ್ಟೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು, ಕತ್ತರಿಸಲಿಲ್ಲ, ಗಂಟು ಬಿಡಿಸಿ ಸುತ್ತಿ ಒಂದು ಕಡೆ ಇಟ್ಟಳು. ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಬೇರು ಮಣ್ಣಿನಿಂದ ಬಿಟ್ಟುಕೊಳ್ಳುವ ಸದ್ದು ಕೇಳಿತು. ಗಿಡ ಪೂರ್ತಿ ಹಸಿರು ಕಾಯಿ. ಅವನು ಹೋಗಿ ಅವಳ ಜೊತೆ ಎಳೆದ. ಅವಳ ಮಂಡಿಗೆ ಕಷ್ಟವಾಗುತ್ತದಲ್ಲ ಎಂದು ಎಳೆದ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಸಾಲು ಮುಗಿದಾಗ ಅವಳು ಹಸಿರು ಹತ್ತಿದ ಅಂಗೈಯನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡಳು, ಆಮೇಲೆ ಅದನ್ನೇ ಅವನ ಮೂಗಿನ ಮುಂದೆ ಹಿಡಿದಳು.

"ಎಲೆ ವಾಸನೆ ನೋಡು. ಎಷ್ಟು ತೊಳೆದ್ರೂ ಅಮ್ಮನ ಕೈಯಲ್ಲಿ ಇದು ಇದ್ದೇ ಇರ್ತಿತ್ತು ಅಲ್ವಾ?"

ಅವನು ಆ ಕೈಗೆ ಮುಖ ಕೊಟ್ಟು ಉಸಿರೆಳೆದ. ತಂಪು ಗಾಳಿ ಒಳಗೆ ಹೋಯಿತು, ಬಂತು. "ಹೂಂ," ಎಂದ. "ಇರ್ತಿತ್ತು."

ಕೆಳಗೆ ಬಂದು ಅಡುಗೆಗೆ ಇಟ್ಟರು. ಕಿತ್ತ ಸಾಲಿನ ಹಣ್ಣೆಲ್ಲ ಇವತ್ತೇ ಬೇಯಿಸಿ ಮುಗಿಸೋಣ ಎಂದಳು ಅಕ್ಕ. ಕಣ್ಣ ಮುಂದಿದ್ದರೆ ಸುಮ್ಮನೆ ಸಂಕಟ. ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಕೈಯಲ್ಲೇ ಹಿಸುಕಿ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಹಣ್ಣು, ಕೊನೆಗೆ ಉಪ್ಪು. ಅಮ್ಮ ಬೇರೇನೂ ಹಾಕುತ್ತಿರಲಿಲ್ಲ. ಸಣ್ಣ ಉರಿಯಲ್ಲಿ ಗಟ್ಟಿಯಾಗುವ ತನಕ ಬಿಡುವುದು. ಅಕ್ಕ ಸೌಟನ್ನು ಅವನ ಕೈಗೆ ಕೊಟ್ಟು, ಕೈಯಾಡಿಸ್ತಿರು, ಡ್ರಮ್ಮಿನ ಮಣ್ಣು ಕೆದಕಿ ಮುಚ್ಚಿ ಬರ್ತೀನಿ ಎಂದು ಹೋದಳು.

ಅವನು ಒಲೆಯ ಮುಂದೆ ನಿಂತ. ಕೆಂಪು ರಸ ಬುಳುಬುಳು ಎನ್ನುತ್ತಿತ್ತು. ಕಿಟಕಿಯಿಂದ ಆಚೆ ಮನೆಯ ಗೋಡೆ, ಗೋಡೆಯ ಮೇಲೆ ನೀರಿನ ಪೈಪು, ಪೈಪಿನ ಗಂಟಿನಲ್ಲಿ ಯಾರೋ ಸುತ್ತಿದ ಬಟ್ಟೆ. ಕಣ್ಣಲ್ಲಿ ನೀರು ಬಂದುಬಿಡ್ತು ಎಂದಳಲ್ಲ. ಅಮ್ಮ ತೀರಿಕೊಂಡಾಗಲೂ ಅಕ್ಕ ಅಳಲಿಲ್ಲ, ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟಳು. ಇವನು ಅತ್ತಿದ್ದ, ಗಟ್ಟಿಯಾಗಿಯೇ, ಎಲ್ಲರೂ ಬಂದು ಬೆನ್ನು ಸವರಿದ್ದರು. ಒಬ್ಬಳೇ ತಾರಸಿಯ ಮೇಲೆ ನಿಂತು, ರಸ ಮೊಣಕೈ ತನಕ ಇಳಿಯುತ್ತಿರುವಾಗ, ಇದೇ ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಎತ್ತಿಟ್ಟು ಅವನು ಬರಲಿ ಎಂದು ಕಾದಳು. ಅವನು ಬಂದು ಬೆರಳು ತೋರಿಸಿದ. ಈಗ ಏನಾದರೂ ಅನ್ನಿಸಬೇಕು. ನಾಚಿಕೆಯಾದರೂ. ಎದೆಯೊಳಗೆ ಕೈಯಾಡಿಸಿ ಹುಡುಕಿದ ಹಾಗೆ ಹುಡುಕಿದ. ಎಲ್ಲ ಸಾಮಾನು ಇದ್ದ ಜಾಗದಲ್ಲೇ ಇತ್ತು, ಯಾವುದಕ್ಕೂ ಕೈಗೆ ಸಿಕ್ಕುವಷ್ಟು ಭಾರವಿರಲಿಲ್ಲ. ಪೈಪಿನ ಬಟ್ಟೆಯಿಂದ ಒಂದು ಹನಿ ಬಿತ್ತು. ಇನ್ನೊಂದು ಬೀಳುತ್ತದೆ ಎಂದು ನೋಡುತ್ತ ನಿಂತ.

"ತಮ್ಮಾ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮಣ್ಣು. ಅವಳ ಮುಖ ಗಾಬರಿಯಿಂದ ಬೇರೆ ಯಾವುದಕ್ಕೋ ತಿರುಗುತ್ತಿತ್ತು.

"ಸೀದು ಹೋಗ್ತಿದೆಯಲ್ಲೋ. ತಾರಸಿಗೆ ಬಂತು ವಾಸನೆ. ಓಡಿ ಬಂದೆ."

ಅವನು ಪಾತ್ರೆ ನೋಡಿದ. ಬುಳುಬುಳು ನಿಂತಿತ್ತು, ಅಂಚಿನಿಂದ ತೆಳ್ಳಗೆ ನೀಲಿ ಹೊಗೆ ಏಳುತ್ತಿತ್ತು. ಸೌಟು ಅವನ ಕೈಯಲ್ಲೇ ಇತ್ತು. ಅಕ್ಕ ಬಂದು ಒಲೆ ಆರಿಸಿ, ಪಾತ್ರೆ ಇಳಿಸಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿದಳು. ತಳದಲ್ಲಿ ಕಪ್ಪಗೆ ಹಿಡಿದಿತ್ತು. ಅವಳು ಅದನ್ನು ನೋಡಲಿಲ್ಲ, ಅವನನ್ನೇ ನೋಡಿದಳು.

"ಇಲ್ಲೇ ನಿಂತಿದ್ದೆಯಲ್ಲ."

ಅವನು ಸೌಟನ್ನು ಪಕ್ಕಕ್ಕಿಟ್ಟ.

"ನಿಂಗೆ ವಾಸನೆ ಬರ್ಲಿಲ್ವಾ?"

"ಇಲ್ಲ."

"ಯಾವಾಗಿಂದ?"

"ಚಳೀಲಿ ಜ್ವರ ಬಂದಿತ್ತಲ್ಲ. ಆವಾಗಿಂದ."

ಅಕ್ಕ ಗೋಡೆ ಹಿಡಿದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ತಾನು ತಲೆ ತಗ್ಗಿಸಬಹುದು, ತಪ್ಪಾಯ್ತು ಎನ್ನಬಹುದು. ಒಂದು ದಾರಿ ಇರುತ್ತದೆ.

"ಹಾಗಾದ್ರೆ ಬೆಳಿಗ್ಗೆ ಹೇಗೆ ಹೇಳಿದೆ?"

"ನೋಡಿ ಹೇಳಿದೆ. ಮಡಿಕೆ ಜಾಸ್ತಿ ಇತ್ತು."

"ಆಚೆ ಮೇಷ್ಟ್ರ ಹಣ್ಣಿಗೂ ಮಡಿಕೆ ಜಾಸ್ತಿ," ಅಕ್ಕ ಮೆಲ್ಲಗೆ ಹೇಳಿದಳು. "ಅಮ್ಮನ ಹಣ್ಣಿಗೆ ಕೆಲವು ವರ್ಷ ಇರ್ತಿತ್ತು, ಕೆಲವು ವರ್ಷ ಇರ್ತಿರ್ಲಿಲ್ಲ. ನೀನು ಗಿಡ ನೋಡಿದ್ದು ಯಾವಾಗ? ನಿನ್ನ ಮುಂದೆ ಕೊಯ್ದು ಇಡ್ತಿದ್ವಿ."

ಅವಳು ಕೈಯ ಮಣ್ಣನ್ನು ಬೆರಳಿಂದ ಬೆರಳಿಗೆ ಉಜ್ಜಿದಳು. ಆಮೇಲೆ ಕೇಳಿದ ಪ್ರಶ್ನೆ ಅವನು ಕಾಯುತ್ತಿದ್ದದ್ದಲ್ಲ.

"ಮೊದಲೆಲ್ಲ? ಚಿಕ್ಕವನಿದ್ದಾಗ? ಎಲ್ಲಾ ಸಲಾನೂ ನಿಂಗೆ ಗೊತ್ತಾಗಿಯೇ ಹೇಳ್ತಿದ್ಯಾ?"

ಹೌದು ಎನ್ನಲು ಬಾಯಿ ತೆರೆದ. ಚಮಚ ಕಂಡಿತು, ಸುತ್ತ ಕಾಯುತ್ತಿದ್ದ ಮುಖಗಳು, ಹೊರಗಿಂದ ಗೆಳೆಯರ ಕೂಗು. ಏನಾದರೂ ಹೇಳದೆ ಹೊರಗೆ ಬಿಡುತ್ತಿರಲಿಲ್ಲ. ಚೆನ್ನಾಗಿದೆ ಎಂದರೆ ಅಮ್ಮನಿಗೆ ಸಾಲುತ್ತಿರಲಿಲ್ಲ, ಅವಳ ಮುಖ ಸಪ್ಪಗಾಗುತ್ತಿತ್ತು. ಹುಳಿ ಎಂದರೆ, ಉಪ್ಪು ಎಂದರೆ ಅರಳುತ್ತಿತ್ತು. ಕೆಲವು ಸಲ ಹುಳಿ ನಿಜವಾಗಿಯೂ ಹೆಚ್ಚಾಗಿತ್ತು. ಕೆಲವು ಸಲ ಅವನು ಚಮಚ ನಾಲಿಗೆಗೆ ತಾಗಿಸುವ ಮೊದಲೇ ಮಾತು ತಯಾರಿರುತ್ತಿತ್ತು. ಅಮ್ಮನ ಹಾಸಿಗೆಯ ಪಕ್ಕದ ಆ ಹರಳು ಉಪ್ಪು. ಅದು ಬೇಕಿತ್ತೇ? ಬೇಕಿದ್ದಿರಬಹುದು.

"ಎಲ್ಲಾ ಸಲ ಅಲ್ಲ," ಎಂದ.

ಅಕ್ಕ ತಲೆಯಾಡಿಸಿದಳು. ಯಾವಾಗಲೋ ತನಗೆ ಗೊತ್ತಿದ್ದದ್ದನ್ನು ಯಾರೋ ಖಚಿತ ಮಾಡಿದರು ಎಂಬಂತೆ ಅಲ್ಲ. ಈಗಷ್ಟೇ ಗೊತ್ತಾಗಿ, ಅದನ್ನು ಎಲ್ಲಿ ಇಡುವುದೆಂದು ತಿಳಿಯದವಳ ಹಾಗೆ. "ಒಂದು ಸಲ ಪರೀಕ್ಷೆ ಇತ್ತು," ಎಂದಳು. "ಮಾರನೇ ದಿನ ಬೆಳಿಗ್ಗೆ. ಮೂರು ಸಲ ಮಾಡಿಸಿದ್ರಿ." ಎದ್ದು ಕೈ ತೊಳೆದಳು.

ಊಟಕ್ಕೆ ಅದನ್ನೇ ಬಡಿಸಿದಳು, ಸೀದ ರಸವನ್ನೇ, ಅನ್ನದ ಮೇಲೆ. ಇಬ್ಬರೂ ಎದುರುಬದುರು ಕೂತು ತಿಂದರು. ಅಕ್ಕನಿಗೆ ಸೀದದ್ದು ಗಂಟಲಲ್ಲಿ ತಡೆಯುತ್ತಿತ್ತು, ಒಂದೊಂದು ತುತ್ತಿಗೂ ನೀರು ಕುಡಿಯುತ್ತಿದ್ದಳು. ಆದರೂ ಬಿಡಲಿಲ್ಲ. ಅವನ ಬಾಯಿಗೆ ಅದು ಬಿಸಿಯಾಗಿತ್ತು, ಹುಳಿಯಾಗಿತ್ತು. ಹೊಟ್ಟೆ ಹಸಿದಿತ್ತು. ತಿನ್ನುತ್ತ ಹೋದ. ತಟ್ಟೆ ಅರ್ಧವಾದಾಗ ಏನೋ ಕಡಿಮೆಯಾಗಿದೆ ಅನ್ನಿಸಿ ತಲೆಯೆತ್ತಿದ. ಅಕ್ಕ ತನ್ನ ತಟ್ಟೆಯನ್ನು ನೋಡಿಕೊಂಡು ಊಟ ಮಾಡುತ್ತಿದ್ದಳು. ಹೇಗಿದೆ ಎಂದು ಕೇಳಿರಲಿಲ್ಲ.

ತಟ್ಟೆ ತೊಳೆದಿಟ್ಟು ಅವಳು, ಮೇಲಿನವನ್ನ ಕೆಳಗೆ ತರೋಣ ನಡಿ, ಬಿಸಿಲಲ್ಲಿ ಬಾಡ್ತಾ ಇವೆ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಕಿತ್ತ ಗಿಡಗಳನ್ನು ಬೇರಿನ ಸಮೇತ ತಲೆಕೆಳಗಾಗಿ ನೆರಳಲ್ಲಿ ನೇತುಹಾಕಿದರೆ ಗಿಡದಲ್ಲಿರುವ ರಸ ಕಾಯಿಗೆ ಇಳಿದು, ಬಲಿತ ಕಾಯಿಗಳು ನಿಧಾನವಾಗಿ ಹಣ್ಣಾಗುತ್ತವೆ ಎಂದು ಅವಳು ಮೆಟ್ಟಿಲು ಹತ್ತುತ್ತಾ ವಿವರಿಸಿದಳು. ಎಲ್ಲವೂ ಅಲ್ಲ. ಒಂದೆರಡಾದರೂ ಆದಾವು. ಬೀಜಕ್ಕೆ ಒಂದು ಸಾಕು. ಅವನು ಗಿಡಗಳನ್ನು ಹೆಗಲ ಮೇಲೆ ಹೊತ್ತು ಇಳಿಸಿದ. ಅವಳು ಮುಂದೆ ನಡೆದು ಬಾಗಿಲು ಹಿಡಿದುಕೊಂಡಳು, ಕಾಯಿ ಕದಕ್ಕೆ ತಾಗದ ಹಾಗೆ. ಕೋಣೆಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಗೋಡೆಯಿಂದ ಗೋಡೆಗೆ ಇತ್ತು. ಅವನು ಸ್ಟೂಲು ಹತ್ತಿ ನಿಂತ, ಅವಳು ಕೆಳಗಿಂದ ಒಂದೊಂದೇ ಎತ್ತಿಕೊಟ್ಟಳು. ಬುಡಕ್ಕೆ ದಾರ ಕಟ್ಟು. ಅಷ್ಟು ಬಿಗಿ ಬೇಡ. ಆ ಕಡೆ ಇನ್ನೂ ಸರಿಸು, ಕಾಯಿ ಕಾಯಿಗೆ ತಾಗ್ಬಾರದು. ಅವಳು ಹೇಳಿದಂತೆ ಅವನು ಮಾಡಿದ. ಬೇರಿನಿಂದ ಮಣ್ಣು ಉದುರಿ ಅವನ ಕೂದಲಿಗೆ, ಕತ್ತಿನೊಳಕ್ಕೆ ಬಿತ್ತು. ಯಾವುದು ಬಲಿತಿದೆ, ಯಾವುದು ಇಲ್ಲ ಎಂದು ಅವಳು ಬೆರಳಲ್ಲಿ ಒತ್ತಿ ನೋಡಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಎಕ್ಸ್‌ಚೇಂಜಿನಲ್ಲಿ ನಂಬರು ಹೇಳುತ್ತಿದ್ದ ಅದೇ ದನಿಯಲ್ಲಿ. ಮುಗಿದಾಗ ಕೋಣೆಯ ನಡುವೆ ಹಸಿರಿನ ಗೋಡೆ ಎದ್ದಿತ್ತು. ಆಚೆ ಹೋಗಬೇಕಾದರೆ ಬಗ್ಗಿ ನುಸುಳಬೇಕಾಗಿತ್ತು. ಹಗ್ಗ ಜಗ್ಗಿ ನಡುವಿನ ಗಿಡದ ತುದಿ ನೆಲ ಮುಟ್ಟುತ್ತಿತ್ತು.

"ಹಣ್ಣಾದ್ರೆ ನಾನೇ ತಿಂದು ನೋಡ್ತೀನಿ," ಎಂದಳು ಅಕ್ಕ. "ನಂಗೆ ಗೊತ್ತಿದೆ ಅದು ಹೇಗಿರುತ್ತೆ ಅಂತ. ತೊಟ್ಟಿ ಪಕ್ಕದ್ದನ್ನ ನಾಳೆ ನಾನೇ ಕೀಳ್ತೀನಿ. ಅದಕ್ಕೆಲ್ಲ ನೀನು ಬರೋದು ಬೇಡ."

ಕೋಪವಿರಲಿಲ್ಲ. ಕೆಲಸದ ಮಾತು ಅಷ್ಟೇ. ಅವನು ತಲೆಯಾಡಿಸಿ, ಅಂಗಿಯ ಮಣ್ಣು ಕೊಡವಿಕೊಂಡು, ಗಿಡಗಳ ಕೆಳಗೆ ಬಗ್ಗಿ ಬಾಗಿಲಿಗೆ ಬಂದ. ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಕಾಲಲ್ಲೇ ನಿಂತುಬಿಟ್ಟ. ಈ ಮನೆಗೆ ಅವನು ಬಂದಾಗೆಲ್ಲ ಏನಾದರೂ ತಿಂದು ಹೇಳುವುದಿರುತ್ತಿತ್ತು. ಹಣ್ಣಿಗೆ ಬಂದಿದ್ದ, ಅಮ್ಮನ ಬಟ್ಟಲಿಗೆ ಬಂದಿದ್ದ, ಅಕ್ಕ ಹೊಸದೇನಾದರೂ ಮಾ­ಡಿದಾಗ ಬಂದಿದ್ದ. ಅದಿಲ್ಲದೆ ಬಂದದ್ದು ಒಂದೇ ಒಂದು ಸಲವೂ ನೆನಪಾಗಲಿಲ್ಲ. ಕೆಳಗಿನ ಮೆಟ್ಟಿಲಿನವರೆಗೆ ಇಳಿದವನು ತಿರುಗಿ ನೋಡಿದ. ಅಕ್ಕ ಬಾಗಿಲಲ್ಲೇ ಇದ್ದಳು.

"ಅಕ್ಕಾ, ಮುಂದಿನ ಭಾನುವಾರ ಸುಮ್ನೆ ಬರ್ಲಾ?"

ಅವಳು ಒಳಗೆ, ಜಗ್ಗಿದ ಹಗ್ಗದ ಕಡೆ ನೋಡಿದಳು, ಆಮೇಲೆ ಅವನನ್ನು.

"ಬಾ," ಎಂದಳು. "ಬರ್ತಾ ಒಂದಿಷ್ಟು ಗಟ್ಟಿ ಹಗ್ಗ ತಗೊಂಡು ಬಾ. ಇದು ತಡೆಯಲ್ಲ."